ಒಂದೇ ಬಾಗಿಲಿನ ಅಂಗಡಿ



ಮಂಗಳೂರಿನಲ್ಲಿ ಈಗ ಯಾವ ರಸ್ತೆಗೆ ಹೋದರೂ ಹೊಸದೊಂದು ಅಂಗಡಿ ಕಣ್ಣಿಗೆ ಬೀಳುತ್ತದೆ. ಹಳೆಯ ಜಿನಸಿನ ಅಂಗಡಿಗಿಂತ ದೊಡ್ಡದು, ಮಾಲ್‌ಗಿಂತ ಬಹಳ ಸಣ್ಣದು. ಎದುರಿಗೆ ಗಾಜು, ಒಳಗೆ ಎ.ಸಿ., ಎರಡು ಫ್ರಿಜ್ಜು, ಒಂದು ಬಿಲ್ಲಿಂಗ್ ಯಂತ್ರ. ಹಾಲು, ಮೊಟ್ಟೆ, ಕುಚ್ಚಲಕ್ಕಿ, ಸಾಬೂನು, ಮಕ್ಕಳ ಡೈಪರು, ಮೊಬೈಲಿನ ಚಾರ್ಜರು ಎಲ್ಲವೂ ಒಂದೇ ಕಡೆ. ಉದ್ಘಾಟನೆಯ ದಿನ ಕಾರ್ಪೊರೇಟರು ಬಂದು ರಿಬ್ಬನ್ ಕತ್ತರಿಸುತ್ತಾರೆ, ಬಂದವರಿಗೆಲ್ಲ ಜ್ಯೂಸು, ಲಡ್ಡು. ಮಾರನೆಯ ದಿನ ಬೆಳಿಗ್ಗೆಯಿಂದ ಸಾಮಾನಿನ ಗಾಡಿಗಳು ಬರಲು ಶುರುವಾಗುತ್ತವೆ. ಇವತ್ತಿನ ನನ್ನ ಮಾತು ಆ ಗಾಡಿಗಳ ಬಗ್ಗೆ.

ಇಂಥ ಅಂಗಡಿಗೆ ಒಂದು ದಿನದಲ್ಲಿ ಏನೇನು ಬರುತ್ತದೆ ನೋಡಿ. ಬೆಳಕು ಹರಿಯುವ ಮೊದಲೇ ಕುಲಶೇಖರದ ಡೇರಿ ಕಡೆಯಿಂದ ನಂದಿನಿ ಹಾಲು. ಅದರ ಹಿಂದೆಯೇ ಪೇಪರಿನ ಕಟ್ಟು, ಬೇಕರಿಯ ಬ್ರೆಡ್ಡು. ಬಿಸಿಲು ಏರುವ ಹೊತ್ತಿಗೆ ತರಕಾರಿ, ಮೊಟ್ಟೆ. ಆಮೇಲೆ ಅಂಗಡಿಯಿಂದ ಅಂಗಡಿಗೆ ಮಾಲು ಹಾಕುತ್ತ ಹೋಗುವ ಲೈನ್ ಸೇಲ್‌ನವರ ಸರದಿ: ಬಿಸ್ಕತ್ತಿಗೆ ಒಂದು ವ್ಯಾನು, ಚಿಪ್ಸಿಗೆ ಇನ್ನೊಂದು, ಸಾಬೂನು ಪುಡಿಗೆ ಮತ್ತೊಂದು, ಚಾಕೊಲೇಟಿಗೆ ಬೇರೆ. ತಂಪು ಪಾನೀಯದ ಲಾರಿ ಬಂದರೆ ಕ್ರೇಟುಗಳ ಸದ್ದು ಬೀದಿಯ ತುದಿಗೆ ಕೇಳುತ್ತದೆ. ನೀರಿನ ಕ್ಯಾನಿನ ಆಟೊ, ಐಸ್‌ಕ್ರೀಮಿನ ಶೀತಲ ವ್ಯಾನು, ಬಂದರಿನಿಂದ ಅಕ್ಕಿ ಸಕ್ಕರೆ ಹೊತ್ತ ಟೆಂಪೊ. ಅಂಗಡಿ ಎಷ್ಟೇ ಸಣ್ಣದಾದರೂ ಗಾಡಿಗಳ ಲೆಕ್ಕ ಕಡಿಮೆಯಾಗುವುದಿಲ್ಲ, ಏಕೆಂದರೆ ಅದು ಕೊಳ್ಳುವವರ ಸಂಖ್ಯೆಯನ್ನು ಅವಲಂಬಿಸಿಲ್ಲ, ಮಾರುವ ಕಂಪನಿಗಳ ಸಂಖ್ಯೆಯನ್ನು ಅವಲಂಬಿಸಿದೆ. ಹತ್ತು ಕಂಪನಿಯ ಮಾಲು ಇಟ್ಟರೆ ಹತ್ತು ವಿತರಕರು, ಹತ್ತು ಡ್ರೈವರುಗಳು. ಪ್ರತಿಯೊಬ್ಬರೂ ಅಂಗಡಿಯ ಎದುರು ನಿಲ್ಲಬೇಕು. ಆ ಜಾಗವಾದರೋ ಒಂದು ಕಾರಿನಷ್ಟು ಉದ್ದ, ಅದೂ ಅಂಗಡಿಯವರದ್ದಲ್ಲ.

ಹಳೆಯ ಮಂಗಳೂರು ಈ ತೊಂದರೆಯನ್ನು ಕಟ್ಟಡ ಕಟ್ಟುವಾಗಲೇ ನಿವಾರಿಸಿಕೊಂಡಿತ್ತು. ನೀವು ಬಂದರಿಗೆ ಹೋಗಿ, ಗುರುಪುರ ನದಿಯ ದಂಡೆಗೆ ತಾಗಿದ ಹಳೆಯ ಗೋದಾಮುಗಳನ್ನು ಗಮನಿಸಿ. ಹಿಂದೆ ನೀರು, ಎದುರಿಗೆ ಬೀದಿ. ಮಂಜಿ ಎಂಬ ನಾಡಹಡಗುಗಳಲ್ಲಿ ಬಂದ ಸರಕು ಹಿಂದಿನಿಂದ ಒಳಗೆ ಹೋಗುತ್ತಿತ್ತು, ಗಿರಾಕಿ ಎದುರಿನಿಂದ ಬರುತ್ತಿದ್ದ. ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಕಟ್ಟಡದ ಸಾಮಾನು ಇಂದಿಗೂ ಹಳೆ ಬಂದರಿನಿಂದಲೇ ಹಡಗು ಹತ್ತುತ್ತದೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನೇತ್ರಾವತಿಯ ದಂಡೆಯಲ್ಲಿ ಆಮೇಲೆ ಸಾಲಾಗಿ ಎದ್ದ ಹೆಂಚಿನ ಕಾರ್ಖಾನೆಗಳಿಗೂ ನದಿಯೇ ಹಿಂಬಾಗಿಲು: ಆವೆಮಣ್ಣು ದೋಣಿಯಲ್ಲಿ ಬರುತ್ತಿತ್ತು, ಹೆಂಚು ದೋಣಿಯಲ್ಲಿ ಹೋಗುತ್ತಿತ್ತು. ಸರಕಿನ ದಾರಿಯೂ ಮನುಷ್ಯರ ದಾರಿಯೂ ಒಂದಕ್ಕೊಂದು ಅಡ್ಡ ಬರದ ಊರು ಅದು.

1975ರಲ್ಲಿ ಪಣಂಬೂರಿನ ಹೊಸ ಬಂದರು ರಾಷ್ಟ್ರಕ್ಕೆ ಸಮರ್ಪಣೆಯಾಯಿತು. ದೊಡ್ಡ ಹಡಗುಗಳು ಅಲ್ಲಿಗೆ ಹೋದವು, ಊರೊಳಗಿನ ಸರಕು ಪೂರ್ತಿ ಲಾರಿಯ ಮೇಲೆ ಬಿತ್ತು. ಮನೆಗಳು ಕದ್ರಿ, ಬಿಜೈ, ಬೆಂದೂರು ಅಂತ ಗುಡ್ಡ ಹತ್ತಿದವು. ಅಲ್ಲಿನ ರಸ್ತೆಗಳು ಹಿತ್ತಿಲುಗಳ ನಡುವಿನ ಓಣಿಗಳಾಗಿದ್ದವು. ಎರಡೂ ಬದಿ ಕೆಂಪುಕಲ್ಲಿನ ಪಾಗಾರ, ನಡುವೆ ಎತ್ತಿನ ಗಾಡಿ ಹೋಗುವಷ್ಟು ಜಾಗ. ಪಾಗಾರ ಒಡೆದು ಡಾಮರು ಹಾಕಿದೆವು, ಹಂಚಿನ ಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಿದೆವು, ಅದರ ಕೆಳ ಅಂತಸ್ತಿನಲ್ಲಿ ಅಂಗಡಿ ಇಟ್ಟೆವು. ಈ ಅಂಗಡಿಗೆ ಹಿಂಬಾಗಿಲೇ ಇಲ್ಲ. ಹಿಂದೆ ಇರುವುದು ಲಿಫ್ಟು, ಜನರೇಟರು, ಫ್ಲಾಟಿನವರ ಕಾರುಗಳು. ಗಿರಾಕಿ ಬರುವ ಬಾಗಿಲಿನಿಂದಲೇ ಅಕ್ಕಿ ಮೂಟೆ ಬರಬೇಕು, ಖಾಲಿ ಕ್ರೇಟು ಹೋಗಬೇಕು.

ಸರಕು ಇಳಿಸುವ ಗಾಡಿ ಎಲ್ಲಿ ನಿಲ್ಲಬೇಕು? ಫುಟ್‌ಪಾತಿನ ಮೇಲೆ ಒಂದು ಚಕ್ರ ಏರಿಸಿ ನಿಲ್ಲಿಸುವುದು ನಮ್ಮಲ್ಲಿ ರೂಢಿ. ಮಂಗಳೂರಿನ ಫುಟ್‌ಪಾತ್ ಎಂದರೆ ಹೆಚ್ಚಿನ ಕಡೆ ಮಳೆನೀರಿನ ಚರಂಡಿಗೆ ಹೊದಿಸಿದ ಕಾಂಕ್ರೀಟು ಚಪ್ಪಡಿ. ನಡೆಯುವವರ ಭಾರಕ್ಕೆಂದು ಹಾಕಿದ್ದು. ತುಂಬಿದ ಟೆಂಪೊದ ಹಿಂದಿನ ಚಕ್ರ ದಿನಾ ಅದರ ಮೇಲೆ ಹತ್ತಿದರೆ ಮೊದಲು ಬಿರುಕು, ಆಮೇಲೆ ಹೊಂಡ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಊರಿದು. ಜೂನಿನಲ್ಲಿ ನೀರು ಚರಂಡಿ ತುಂಬಿ ರಸ್ತೆಗೆ ಬಂದಾಗ ಚಪ್ಪಡಿ ಎಲ್ಲಿ ಇದೆ, ಎಲ್ಲಿ ಇಲ್ಲ ಎಂದು ಯಾರಿಗೂ ಕಾಣುವುದಿಲ್ಲ. ಕಾಲು ಮುರಿದುಕೊಳ್ಳುವವರು ಶಾಲೆಗೆ ಹೋಗುವ ಮಕ್ಕಳು, ಪೇಟೆಗೆ ಬಂದ ಅಜ್ಜಿಯರು. ರಸ್ತೆಯಲ್ಲೇ ನಿಲ್ಲಿಸಿದರೋ, ಹಿಂದೆ ಸಿಟಿ ಬಸ್ಸು. ಸಮಯದ ಪೈಪೋಟಿಯಲ್ಲಿ ಓಡುವ ನಮ್ಮ ಖಾಸಗಿ ಬಸ್ಸಿನ ಹಾರ್ನು ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಕಾನೂನಿನಲ್ಲಿ ದಾರಿ ಇಲ್ಲವೆಂದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಮಿನಂತೆ ಯಾವ ರಸ್ತೆಯಲ್ಲಿ ಯಾವ ವಾಹನ ಬರಕೂಡದು ಎಂದು ನಿರ್ಬಂಧಿಸಬಹುದು. 122ನೇ ಕಲಮು ಬೇರೆಯವರಿಗೆ ಅಡಚಣೆಯಾಗುವಂತೆ ಗಾಡಿ ನಿಲ್ಲಿಸಬಾರದು ಎನ್ನುತ್ತದೆ. ಇವೆರಡನ್ನೂ ನಾವು ಬಲ್ಲೆವು, ದಂಡವನ್ನೂ ಕಟ್ಟಿದ್ದೇವೆ. ಇವುಗಳ ನಡುವೆ 117ನೇ ಕಲಮು ಇದೆ. ಸ್ಥಳೀಯ ಸಂಸ್ಥೆಯ ಜೊತೆ ಸಮಾಲೋಚಿಸಿ ವಾಹನ ನಿಲ್ಲಿಸುವ ಜಾಗಗಳನ್ನು ಗೊತ್ತುಮಾಡಬಹುದು ಎಂದು ಅದು ಹೇಳುತ್ತದೆ. ಹೀಗೆ ಗೊತ್ತುಮಾಡಿದ ಜಾಗ ಬಸ್ಸಿಗೆ ಇದೆ, ರಿಕ್ಷಾಕ್ಕೆ ಪಾರ್ಕ್ ಇದೆ. ಸರಕು ಇಳಿಸುವ ಗಾಡಿಗೆ ಅರ್ಧ ಗಂಟೆಯ ಹಳದಿ ಚೌಕವೊಂದನ್ನು ಬಳಿದದ್ದು ಎಷ್ಟು ಕಡೆ ಕಂಡಿದ್ದೀರಿ? ಸ್ಮಾರ್ಟ್ ಸಿಟಿ ಯೋಜನೆಗೆ ಮಂಗಳೂರು 2016ರಲ್ಲಿ ಆಯ್ಕೆಯಾಯಿತು, ರಸ್ತೆ ಅಗೆದು ಕಾಂಕ್ರೀಟು ಹಾಕಿದರು, ಹಂಪನಕಟ್ಟೆಯ ಗಡಿಯಾರ ಗೋಪುರವನ್ನು ಮತ್ತೆ ಕಟ್ಟಿದರು. ಗಡಿಯಾರ ಬೇಡವೆನ್ನುವವನು ನಾನಲ್ಲ. ಬೀದಿಗೆ ಖರ್ಚು ಮಾಡುವಾಗ ಆ ಬೀದಿಯ ಅಂಗಡಿಗಳಿಗೆ ಅಕ್ಕಿ ಹೇಗೆ ಬರುತ್ತದೆ ಎಂದೂ ಒಂದು ಗಳಿಗೆ ಯೋಚಿಸಬಹುದಿತ್ತು, ಅಷ್ಟೆ.

ಪೇಟೆಗೆ ಗಾಡಿ ಬಿಡಬೇಕೇ ಬೇಡವೇ ಎಂಬ ಜಗಳ ಬಹಳ ಹಳೆಯದು. ಕ್ರಿಸ್ತಪೂರ್ವ 45ರ ಸುಮಾರಿಗೆ ಜೂಲಿಯಸ್ ಸೀಸರನ ಕಾಲದ ಕಾನೂನೊಂದು ರೋಮ್ ಪಟ್ಟಣದೊಳಗೆ ಸೂರ್ಯೋದಯದಿಂದ ಇಳಿಹೊತ್ತಿನ ತನಕ ಸರಕಿನ ಬಂಡಿ ಓಡಿಸಬಾರದೆಂದು ಕಟ್ಟು ಹಾಕಿತು. ಬಂಡಿಗಳೆಲ್ಲ ರಾತ್ರಿಗೆ ಹೋದವು. ಸುಮಾರು ನೂರೈವತ್ತು ವರ್ಷಗಳ ಮೇಲೆ ಜುವೆನಲ್ ಎಂಬ ಕವಿ ರೋಮಿನಲ್ಲಿ ನಿದ್ದೆ ಮಾಡಬೇಕಾದರೆ ಶ್ರೀಮಂತನಾಗಿರಬೇಕು ಎಂಬರ್ಥದಲ್ಲಿ ಗೊಣಗಿದ. ಹಗಲಿನ ಗದ್ದಲವನ್ನು ರಾತ್ರಿಗೆ ದಾಟಿಸಿದರೆ ನಿದ್ದೆ ಯಾರದ್ದು ಹಾಳಾಗುತ್ತದೆ ಎಂಬುದು ನಮಗೂ ಇರುವ ಪ್ರಶ್ನೆ, ಯಾಕೆಂದರೆ ನಮ್ಮ ಅಂಗಡಿಯ ತಲೆಯ ಮೇಲೆಯೇ ಮನೆಗಳು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ 45 ಡೆಸಿಬಲ್ ಮಿತಿ. ಕಬ್ಬಿಣದ ಶಟರನ್ನು ಒಮ್ಮೆ ಎಳೆದರೆ ಆ ಮಿತಿ ಹಾರಿಹೋಗುತ್ತದೆ. ನೆದರ್ಲೆಂಡಿನವರು ಗಾಡಿಯನ್ನೇ ಸದ್ದಿಲ್ಲದಂತೆ ಮಾಡಿಸಿದರು. ಲಾರಿಯ ನೆಲಕ್ಕೆ, ತಳ್ಳುಗಾಡಿಯ ಚಕ್ರಕ್ಕೆ, ಇಳಿಜಾರು ಹಲಗೆಗೆ ರಬ್ಬರು. ರಬ್ಬರಿಗೆ ದಕ್ಷಿಣ ಕನ್ನಡದಲ್ಲಿ ಬರಗಾಲವೇನೂ ಇಲ್ಲ.

ಜಪಾನಿನ ಕತೆ ಇನ್ನೂ ಉಪಯೋಗದ್ದು. ಸೆವೆನ್ ಇಲೆವೆನ್ ಹೆಸರಿನ ಸಣ್ಣ ಅಂಗಡಿ 1974ರ ಮೇ ತಿಂಗಳಲ್ಲಿ ಟೋಕಿಯೊದ ತೊಯೊಸು ಎಂಬಲ್ಲಿ ಶುರುವಾಯಿತು. ಆ ಕಾಲದಲ್ಲಿ ಒಂದು ಅಂಗಡಿಗೆ ದಿನಕ್ಕೆ ಎಪ್ಪತ್ತರಷ್ಟು ಗಾಡಿಗಳು ಬರುತ್ತಿದ್ದವಂತೆ, ಒಬ್ಬೊಬ್ಬ ತಯಾರಕನದ್ದು ಒಂದೊಂದು. ಕಂಪನಿಯವರು ಪೈಪೋಟಿಯ ತಯಾರಕರನ್ನೇ ಒಂದು ಕಡೆ ಕೂರಿಸಿ, ಎಲ್ಲರ ಮಾಲನ್ನೂ ಒಂದು ಉಗ್ರಾಣಕ್ಕೆ ತರಿಸಿ, ಕಂಪನಿಯ ಲೆಕ್ಕದಲ್ಲಿ ವಿಂಗಡಿಸುವ ಬದಲು ತಂಪಿನ ಲೆಕ್ಕದಲ್ಲಿ ವಿಂಗಡಿಸಿದರು. ಹೆಪ್ಪುಗಟ್ಟಿದ್ದು ಒಂದು ಗಾಡಿ, ತಣ್ಣಗಿರಬೇಕಾದ್ದು ಒಂದು, ಅನ್ನದ ತಿನಿಸಿನದ್ದು ಒಂದು, ಉಳಿದದ್ದು ಇನ್ನೊಂದು. ವರ್ಷಗಳು ಕಳೆದಂತೆ ಎಪ್ಪತ್ತು ಗಾಡಿ ಒಂಬತ್ತು-ಹತ್ತಕ್ಕೆ ಇಳಿಯಿತು.

ನಮ್ಮಲ್ಲಿ ಹಾಗೆ ಮಾಡಿದರಾಯಿತಲ್ಲ ಎನ್ನುವುದು ಸುಲಭ. ಬಿಜೈ ಕಡೆ ಇಂಥ ಅಂಗಡಿ ಇಡಲು ಹೊರಟ ಪರಿಚಯದ ತರುಣರೊಬ್ಬರ ಹತ್ತಿರ ನಾನೂ ಅದನ್ನೇ ಹೇಳಿದೆ. ಅವರು ನಕ್ಕರು. "ಸರ್, ಲೈನ್ ಸೇಲ್‌ನವರು ಬರೇ ಮಾಲು ಕೊಡ್ಲಿಕ್ಕೆ ಬರುವುದಾ? ಹಳೇ ಬಾಕಿ ವಸೂಲಿ ಮಾಡ್ಲಿಕ್ಕೆ ಉಂಟು, ಡೇಟ್ ಆದ ಪ್ಯಾಕೆಟ್ ವಾಪಸ್ ತಕೊಂಡು ಹೋಗ್ಲಿಕ್ಕೆ ಉಂಟು, ಹೊಸ ಸ್ಕೀಮ್ ಹೇಳ್ಲಿಕ್ಕೆ ಉಂಟು. ಮತ್ತೆ ಪಕ್ಕದ ಕಂಪನಿಯ ಡಬ್ಬಿ ಹಿಂದೆ ತಳ್ಳಿ ತಮ್ಮದು ಎದುರು ಇಡ್ಲಿಕ್ಕೆ ಉಂಟು. ಅವರೆಲ್ಲ ಒಂದೇ ಗಾಡಿಯಲ್ಲಿ ಬರ್ತಾರಾ ಮಾರಾಯ್ರೆ?"

ಮಾತು ಸರಿ. ನಮ್ಮ ಲೈನ್ ವ್ಯಾನು ಬರಿಯ ವಾಹನವಲ್ಲ. ಅದು ಓಡಾಡುವ ಅಂಗಡಿ, ಸಾಲದ ಪುಸ್ತಕ, ಜಾಹೀರಾತು, ಮೂರೂ ಹೌದು. ವಿತರಕ ಕೊಡುವ ಏಳು ದಿನದ ಸಾಲದ ಮೇಲೆ ಸಣ್ಣ ಅಂಗಡಿಯ ಬಂಡವಾಳ ನಿಂತಿರುತ್ತದೆ. ಆ ಮುಖಪರಿಚಯವನ್ನು ಒಂದು ಉಗ್ರಾಣಕ್ಕೆ ಕೊಟ್ಟುಬಿಡಲು ಇಬ್ಬರೂ ಒಪ್ಪುವುದಿಲ್ಲ. ಆದ್ದರಿಂದ ಜಪಾನಿನ ಪಾಠ ನಮಗೆ ಅರ್ಧ ಮಾತ್ರ ದಕ್ಕುತ್ತದೆ. ಬಂದರಿನ ಸಗಟು ಅಂಗಡಿಗಳಲ್ಲಿ ನಗದು ಕೊಟ್ಟು ಕೊಳ್ಳುವ ಅಕ್ಕಿ, ಬೇಳೆ, ಸಕ್ಕರೆ, ಎಣ್ಣೆ, ಒಣಮೆಣಸು ಇವನ್ನೆಲ್ಲ ಒಂದೇ ಟೆಂಪೊದಲ್ಲಿ ವಾರಕ್ಕೆ ಎರಡು ಸಲ ತರಿಸಬಹುದು. ಅದೇ ಬೀದಿಯ ಮೂರು ಅಂಗಡಿಯವರು ಕೂಡಿದರೆ ಬಾಡಿಗೆಯೂ ಮೂರು ಪಾಲು. ಟಾಟಾ ಏಸ್‌ನಂಥ ಚಿಕ್ಕ ಗಾಡಿಗಳು 2005ರಲ್ಲಿ ಬಂದ ಮೇಲೆ ಇದು ಇನ್ನಷ್ಟು ಸುಲಭವಾಗಿದೆ, ನಮ್ಮ ಓಣಿಗಳ ಅಳತೆ ತೆಗೆದುಕೊಂಡೇ ಮಾಡಿದ ಹಾಗಿವೆ. ತರಕಾರಿಯದ್ದು ಮಾತ್ರ ಬೇರೆ ತಾಪತ್ರಯ. ಸ್ಟೇಟ್‌ಬ್ಯಾಂಕ್ ಬಳಿಯ ಸೆಂಟ್ರಲ್ ಮಾರ್ಕೆಟ್ 2020ರ ಏಪ್ರಿಲಿನಲ್ಲಿ, ಕೊರೊನಾ ದಿನಗಳಲ್ಲಿ ಮುಚ್ಚಿದ ಮೇಲೆ ಸಗಟು ವ್ಯಾಪಾರಿಗಳು ಬೈಕಂಪಾಡಿಯ ಎಪಿಎಂಸಿ ಪ್ರಾಂಗಣಕ್ಕೆ ಹೋಗಬೇಕಾಯಿತು. ಪೇಟೆಯ ನಡುವೆ ಸಿಗುತ್ತಿದ್ದ ಬೆಂಡೆಕಾಯಿ ಕೂಳೂರು ಸೇತುವೆ ದಾಟಿ ಬರುವಂತಾಯಿತು. ಆ ಸೇತುವೆಯ ಮೇಲೆ ಬೆಳಿಗ್ಗೆ ಸಿಕ್ಕಿಬಿದ್ದವರಿಗೆ ಟೊಮೆಟೊ ಯಾಕೆ ಹತ್ತು ಗಂಟೆಗೆ ಬರುತ್ತದೆ ಎಂದು ಗೊತ್ತು.

ಹಾಗಾದರೆ ಅಂಗಡಿಯವರ ಕೈಯಲ್ಲಿ ಏನಿದೆ? ಹೊತ್ತು ಇದೆ. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ 2009-10ರ ಸುಮಾರಿಗೆ ಸರಕನ್ನು ಸಂಜೆ ಏಳರ ಮೇಲೆ, ಬೆಳಗಿನ ಒಳಗೆ ಇಳಿಸುವ ಪ್ರಯೋಗವೊಂದು ನಡೆಯಿತು. ಅದರ ಹಿಂದಿದ್ದ ಹೋಲ್ಗಿನ್ ವೆರಾಸ್ ಎಂಬ ಪ್ರಾಧ್ಯಾಪಕರು ಕಂಡುಕೊಂಡದ್ದು ಇಷ್ಟು: ಲಾರಿಯವನಿಗೆ ಎಷ್ಟು ದಂಡ ಹಾಕಿದರೂ, ಸುಂಕ ಏರಿಸಿದರೂ ಅವನು ಬರುವ ಹೊತ್ತು ಬದಲಾಗುವುದಿಲ್ಲ, ಏಕೆಂದರೆ ಆ ಹೊತ್ತನ್ನು ನಿಶ್ಚಯಿಸುವವನು ಸರಕು ತೆಗೆದುಕೊಳ್ಳುವವನು. ಅಂಗಡಿಯವನು ಒಪ್ಪಿದರೆ ಲಾರಿ ನಡುರಾತ್ರಿಯಲ್ಲೂ ಬರುತ್ತದೆ. ನಾವು ಇಲ್ಲಿ ಬೈಯುವುದು ಯಾವಾಗಲೂ ಡ್ರೈವರನ್ನು. ರಸ್ತೆಗೆ ಅಡ್ಡ ನಿಲ್ಲಿಸಿದವನು ಕಣ್ಣಿಗೆ ಕಾಣುತ್ತಾನೆ, ಅವನನ್ನು ಹನ್ನೊಂದು ಗಂಟೆಗೆ ಬಾ ಎಂದವರು ಕೌಂಟರಿನ ಹಿಂದೆ ಇರುತ್ತಾರೆ.

ಆ ಪ್ರಯೋಗದಲ್ಲಿ ಇನ್ನೊಂದು ಸಂಗತಿ ಇತ್ತು. ಅಂಗಡಿಯಲ್ಲಿ ಯಾರೂ ಇಲ್ಲದಾಗಲೇ ಸರಕು ಇಳಿಸಿ ಹೋಗುವುದು, ಬೀಗದ ಕೈಯನ್ನು ನಂಬಿಕೆಯ ಡ್ರೈವರಿಗೆ ಕೊಡುವುದು. ಅಮೆರಿಕದವರು ಇದನ್ನು ಹೊಸ ವಿಧಾನವೆಂದು ಬರೆದರು. ನಮ್ಮ ಬೀದಿಗಳಲ್ಲಿ ನಸುಕಿಗೆ ಹೊರಟು ನೋಡಿ. ಮುಚ್ಚಿದ ಶಟರಿನ ಎದುರು, ಮೆಟ್ಟಿಲ ಮೇಲೆ ಹಾಲಿನ ಕ್ರೇಟುಗಳು, ಅದರ ಮೇಲೆ ಬ್ರೆಡ್ಡಿನ ಟ್ರೇ, ಪೇಪರಿನ ಕಟ್ಟು. ಕಾವಲಿಗೆ ಯಾರೂ ಇಲ್ಲ, ಬೀದಿನಾಯಿಯೊಂದು ಮಲಗಿರಬಹುದು. ಪ್ಯಾಕೆಟ್ಟು ಕಡಿಮೆಯಾದ ದೂರು ಬಹಳ ಅಪರೂಪ. ಹಾಲಿಗೆ ನಡೆಯುವ ಈ ಏರ್ಪಾಡು ಮೊಟ್ಟೆಗೆ, ನೀರಿಗೆ, ತಂಪು ಪಾನೀಯಕ್ಕೆ ಯಾಕೆ ನಡೆಯಬಾರದು? ಶಟರಿನ ಹೊರಗೆ ಜಾಲರಿಯ ಒಂದು ಬೀಗದ ಗೂಡು ಮಾಡಿಸಿದರೆ ಸಾಕು. ಜೋರುಮಳೆಯ ತಿಂಗಳುಗಳಿಗೆ ಅದಕ್ಕೊಂದು ತಗಡಿನ ಮಾಡು ಬೇಕು. ಅದನ್ನು ಫುಟ್‌ಪಾತಿನ ಮೇಲೆ ಚಾಚಕೂಡದು ಎನ್ನುವುದು ಬೇರೆ ಮಾತು.

ಬಿಜೈಯ ಆ ತರುಣರು ಗುತ್ತಿಗೆ ಕಾಗದಕ್ಕೆ ಸಹಿ ಹಾಕುವ ಮೊದಲು ಒಂದು ಒಳ್ಳೆಯ ಕೆಲಸ ಮಾಡಿದರು. ಕಟ್ಟಡದ ಯಜಮಾನರ ಹತ್ತಿರ ಬಾಡಿಗೆ, ಅಡ್ವಾನ್ಸು ಮಾತಾಡಿದ ಹಾಗೆಯೇ, "ಬೆಳಿಗ್ಗೆ ಆರೂವರೆಯಿಂದ ಎಂಟರ ತನಕ ನಿಮ್ಮ ಗೇಟಿನ ಒಳಗೆ ಒಂದು ಗಾಡಿ ನಿಲ್ಲಿಸ್ಲಿಕ್ಕೆ ಬಿಡ್ತೀರಾ?" ಎಂದು ಕೇಳಿ, ಅದನ್ನು ಕರಾರಿನಲ್ಲೇ ಬರೆಸಿದರು. ಫ್ಲಾಟಿನವರ ಕಾರುಗಳು ಹೊರಡುವ ಮೊದಲಿನ ಹೊತ್ತು ಅದು. ಮಧ್ಯಾಹ್ನ ಎರಡರಿಂದ ನಾಲ್ಕು ಎರಡನೆಯ ಸರದಿ, ಅದು ಲೈನ್ ಸೇಲ್‌ನವರಿಗೆ. ಊಟದ ನಂತರ ಗಿರಾಕಿ ಕಡಿಮೆ, ಶಾಲೆ ಬಿಟ್ಟಿರುವುದಿಲ್ಲ. ಉಳಿದ ಹೊತ್ತಿನಲ್ಲಿ ಬಂದವರ ಮಾಲನ್ನು ಇಳಿಸಿಕೊಳ್ಳಲಿಲ್ಲ, ಬಿಲ್ಲನ್ನೂ ಪಾಸು ಮಾಡಲಿಲ್ಲ. ಮೊದಲ ವಾರ ಎರಡು ಕಂಪನಿಯ ಚಾಕೊಲೇಟು ಅಂಗಡಿಯಲ್ಲಿ ಇರಲಿಲ್ಲ. ಆಮೇಲೆ ಅವರೂ ಎರಡೂವರೆಗೆ ಬಂದರು. ಹೊಸ ಅಂಗಡಿಗೆ ಇದು ಸಾಧ್ಯ. ಹತ್ತು ವರ್ಷ ರೂಢಿ ಬಿದ್ದ ಮೇಲೆ ಬದಲಾಯಿಸುವುದು ಕಷ್ಟ.

ಗಾಡಿಯಿಂದ ಕಪಾಟಿನ ತನಕದ ಕೊನೆಯ ಐವತ್ತು ಹೆಜ್ಜೆಯ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಅಲ್ಲಿ ಇನ್ನೂ ಮನುಷ್ಯನ ಬೆನ್ನೇ ಬೇಕು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ ವಯಸ್ಕ ಗಂಡಸೊಬ್ಬ ಹೊರುವ ಭಾರ 55 ಕಿಲೋ ಮೀರಬಾರದೆಂದು ಶಿಫಾರಸು ಮಾಡಿತು. ನಮ್ಮ ಅಕ್ಕಿ ಮೂಟೆ 50 ಕಿಲೋ. ಮಿತಿಯ ಒಳಗೇ ಆಯಿತು, ಆದರೆ ಆ ಶಿಫಾರಸು ಬರೆದವರು ಬಿಜೈ ಏರು ಕಂಡಿರಲಿಕ್ಕಿಲ್ಲ, ನೀರು ಕುಡಿದ ಗೋಣಿಯನ್ನು ಎತ್ತಿರಲಿಕ್ಕೂ ಇಲ್ಲ. ತಲಪಾಡಿಯ ಗಡಿ ದಾಟಿದರೆ ಲೆಕ್ಕವೇ ಬೇರೆ. ಕೇರಳದಲ್ಲಿ 1978ರ ತಲೆಹೊರೆ ಕಾರ್ಮಿಕರ ಕಾಯ್ದೆ ಇದೆ, ಹೊರುವವನಿಗೆ ನೋಂದಣಿ, ಗೊತ್ತಾದ ಕೂಲಿ, ಕ್ಷೇಮನಿಧಿ ಇದೆ. ಅದರ ಹೆಸರಿನಲ್ಲೇ ಬೆಳೆದ ‘ನೋಕ್ಕು ಕೂಲಿ’, ಅಂದರೆ ನೋಡುತ್ತಾ ನಿಂತದ್ದಕ್ಕೆ ಕೂಲಿ, ಎಷ್ಟು ಕಾಟವಾಯಿತೆಂದರೆ 2018ರ ಮೇ ದಿನದಂದು ಸರಕಾರವೇ ಅದನ್ನು ರದ್ದು ಮಾಡಬೇಕಾಯಿತು. ಕಾಸರಗೋಡಿನ ಅಂಗಡಿಯವರು ಆ ಕಾಯ್ದೆಯನ್ನು ಬೈಯುವುದನ್ನು ಕೇಳಿದ್ದೇನೆ. ಬೈದರೂ, ಅಲ್ಲಿ ಹೊರುವವನಿಗೆ ಮುಪ್ಪಿನಲ್ಲಿ ಏನೋ ಒಂದಿಷ್ಟು ಸಿಗುತ್ತದೆ. ನಮ್ಮಲ್ಲಿ ವ್ಯಾನಿನ ಜೊತೆ ಬರುವ ಹುಡುಗ ಡ್ರೈವರಿನ ಸಹಾಯಕನೋ, ವಿತರಕನ ನೌಕರನೋ, ದಿನಗೂಲಿಯೋ ಅವನಿಗೇ ಸ್ಪಷ್ಟವಿರುವುದಿಲ್ಲ. ಬಾಗಿಲಿಗೆ ಒಂದು ಇಳಿಜಾರು ಹಲಗೆ, ಅಂಗಡಿಯದ್ದೇ ಒಂದು ತಳ್ಳುಗಾಡಿ ಇದ್ದರೆ ಆ ಹುಡುಗನ ಸೊಂಟ ಉಳಿಯುತ್ತದೆ, ಗಾಡಿ ನಿಲ್ಲುವ ಹೊತ್ತೂ ಅರ್ಧವಾಗುತ್ತದೆ. ಗಾಲಿಕುರ್ಚಿಯಲ್ಲಿ ಬರುವ ಗಿರಾಕಿಗೂ ಅದೇ ಹಲಗೆ ದಾರಿ.

ಈಚೆಗೆ ಅಂಗಡಿಯ ಎದುರಿನ ಜಾಗಕ್ಕೆ ಹೊಸ ಹಕ್ಕುದಾರರು ಬಂದಿದ್ದಾರೆ. ಆ್ಯಪಿನಲ್ಲಿ ಆರ್ಡರು ಮಾಡಿದ್ದನ್ನು ಮನೆಗೆ ತಲುಪಿಸುವ ಸ್ಕೂಟರಿನ ಹುಡುಗರು. ಒಳಬರುವ ಸರಕಿಗೂ ಹೊರಹೋಗುವ ಸರಕಿಗೂ ಈಗ ಅದೇ ಒಂದು ಕಾರಿನಷ್ಟು ಜಾಗ. ಪಕ್ಕದಲ್ಲಿ ಮಲ್ಲಿಗೆ ಮಾರುವವಳು, ಎಳನೀರಿನವನು ಮೊದಲಿನಿಂದ ಇದ್ದಾರೆ, 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಿಂದ ಅವರಿಗೂ ಅಲ್ಲಿ ಹಕ್ಕಿದೆ. ಹೊಸ ಅಂಗಡಿ ಬಂದೊಡನೆ ಅವರನ್ನು ಎಬ್ಬಿಸಿ ಎಂದು ಪಾಲಿಕೆಗೆ ಅರ್ಜಿ ಹಾಕುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಸ್ಕೂಟರುಗಳನ್ನು ಸಾಲಾಗಿ ನಿಲ್ಲಿಸಲು ಗೇಟಿನ ಒಳಗೆ ಜಾಗ ಕೇಳಬಹುದು, ಮಲ್ಲಿಗೆಯ ಬುಟ್ಟಿ ಯಾವ ಲಾರಿಗೂ ಅಡ್ಡ ಬಂದದ್ದಿಲ್ಲ.

ಕೊನೆಗೆ ಪಂಚಾಂಗ. ರಥಬೀದಿಯ ಆಸುಪಾಸಿನ ಅಂಗಡಿಯವರಿಗೆ ರಥಸಪ್ತಮಿಯ ಕೊಡಿಯಾಲ ತೇರಿನ ದಿನ ಗಾಡಿ ಬರುವುದಿಲ್ಲವೆಂದು ಬಾಯಿಪಾಠ. ಕುದ್ರೋಳಿಯ ದಸರಾ ಮೆರವಣಿಗೆ ರಾತ್ರಿಯಿಡೀ ನಡೆದರೆ ಮರುದಿನದ ಹಾಲೂ ತಡ. ಘಟ್ಟದ ಸುದ್ದಿಯನ್ನೂ ಕೇಳಿಸಿಕೊಳ್ಳುತ್ತಿರಬೇಕು. 2018ರ ಆಗಸ್ಟಿನಲ್ಲಿ ಶಿರಾಡಿ ಘಾಟಿಯ ರಸ್ತೆ ಕುಸಿದಾಗ ಬೆಂಗಳೂರಿನ ಕಡೆಯ ಸರಕು ತಿಂಗಳುಗಟ್ಟಲೆ ಸುತ್ತು ಹಾದಿ ಹಿಡಿಯಿತು, ಇನ್ನೊಂದು ಘಟ್ಟವಾದ ಚಾರ್ಮಾಡಿಯ ತಿರುವುಗಳಲ್ಲಿ ದೊಡ್ಡ ಲಾರಿ ಹಾಯುವುದಿಲ್ಲ. ಉಗ್ರಾಣವಿಲ್ಲದ ಅಂಗಡಿಗೆ ಮಳೆಗಾಲದಲ್ಲಿ ನಾಲ್ಕು ದಿನದ ಅಕ್ಕಿ, ಬೇಳೆ, ಹಾಲಿನ ಪುಡಿ ಇಡುವಷ್ಟಾದರೂ ಅಟ್ಟ ಬೇಕು. ಗಾಜಿನ ಅಂದಕ್ಕೆ ಅಡ್ಡವೆಂದು ಈಗ ಅಟ್ಟವನ್ನು ಯಾರೂ ಮಾಡಿಸುವುದಿಲ್ಲ.

ಬಿಜೈಯ ಅಂಗಡಿಯಲ್ಲಿ ಒಂದು ತೊಡಕು ಹಾಗೇ ಉಳಿದಿದೆ. ಐಸ್‌ಕ್ರೀಮಿನ ವ್ಯಾನು. ಮೈನಸ್ ಹದಿನೆಂಟು ಡಿಗ್ರಿಯಲ್ಲಿ ಇರಬೇಕಾದ ಮಾಲು, ಬೀಗದ ಗೂಡಿನಲ್ಲಿ ಬಿಟ್ಟುಹೋಗುವಂತಿಲ್ಲ. ಒಂದೇ ವ್ಯಾನು ಊರಿನ ಎಷ್ಟೋ ಅಂಗಡಿಗಳಿಗೆ ಸುತ್ತಬೇಕು, ಒಬ್ಬರ ಗಡಿಯಾರ ನೋಡಿ ಬರುವಂತಿಲ್ಲ. ಏಪ್ರಿಲಿನ ಉರಿಬಿಸಿಲಿಗೆ, ಸರಿಯಾಗಿ ಮಧ್ಯಾಹ್ನ ಹನ್ನೆರಡೂವರೆಗೆ, ಅದು ಬಂದು ಬಸ್‌ಸ್ಟಾಪಿನ ಎದುರೇ ನಿಲ್ಲುತ್ತದೆ. ಪಕ್ಕದ ಮೆಡಿಕಲ್‌ನವರ ಹತ್ತಿರ ಮಾತಾಡಿ ಅವರ ಅಂಗಳದಲ್ಲಿ ಹತ್ತು ನಿಮಿಷ ನಿಲ್ಲಿಸಲು ಆಗುತ್ತದೋ ಎಂದು ಈಗ ವಿಚಾರಿಸುತ್ತಿದ್ದಾರೆ.